ಫೋನಿನೊಳಗಿನ ತಾತ, ಜಗಲಿ ಮೇಲಿನ ಮಾವ

ನಮ್ಮ ಯಜಮಾನರು ಕ್ಷೌರಕ್ಕೆಂದು ಸುಂಟಿಕೊಪ್ಪಕ್ಕೆ ಹೋದವರು ತಲೆಗೂದಲು ಕಡಮೆ ಮಾಡಿಸಿಕೊಂಡು, ಫೋನಿನೊಳಗೆ ಒಬ್ಬ ಮುದುಕನನ್ನು ಜಾಸ್ತಿ ಮಾಡಿಸಿಕೊಂಡು ಬಂದರು. ಅಂಗಡಿಯಲ್ಲಿ ಸರದಿ ಕಾಯುತ್ತಾ ಕುಳಿತಿದ್ದಾಗ ಪಕ್ಕದವರು ತೋರಿಸಿದರಂತೆ, ಇವರೂ ಹಾಕಿಸಿಕೊಂಡರಂತೆ. ಭವಿಷ್ಯ ಹೇಳುವ ಆ್ಯಪ್. ತೆರೆದರೆ ಬಿಳಿ ಗಡ್ಡದ ತಾತನೊಬ್ಬ ಗಾಜಿನ ಗುಂಡಿನ ಹಿಂದೆ ಕುಳಿತಿರುತ್ತಾನೆ. ಮನಸ್ಸಿನಲ್ಲಿ ಪ್ರಶ್ನೆ ನೆನೆದುಕೊಂಡು ಫೋನನ್ನು ಅಲ್ಲಾಡಿಸಬೇಕು. ತಾತ ಕಣ್ಣು ಮುಚ್ಚಿ ಗಡ್ಡ ನೀವಿಕೊಳ್ಳುತ್ತಾನೆ. ಅಷ್ಟರಲ್ಲಿ ಒಂದು ಜಾಹೀರಾತು ಬರುತ್ತದೆ, ಕೂದಲೆಣ್ಣೆಯದೋ ಮೊಣಕಾಲು ಮುಲಾಮಿನದೋ. ಅದನ್ನು ಕೊನೆಯತನಕ ನೋಡಿದವರಿಗೆ ಮಾತ್ರ ಹಣೆಯಲ್ಲಿ ಏನು ಬರೆದಿದೆ ಎಂದು ತಿಳಿಯುತ್ತದೆ.

ಇಂಥದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ತವರು ಕುಶಾಲನಗರದ ಪಕ್ಕ, ಅಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಶುಂಠಿ ಹಾಕಬೇಕು ಅನ್ನಿಸಿದರೆ ಬೆಳಿಗ್ಗೆ ಎದ್ದು ಶುಂಠಿ ಹಾಕುವುದು, ಜೋಳ ಅನ್ನಿಸಿದರೆ ಜೋಳ. ಕೆಟ್ಟರೆ ಒಂದು ದಿನ ಬಾಯಿಗೆ ಬಂದಂತೆ ಬೈದುಕೊಂಡು, ಮಾರನೆಯ ದಿನ ಮತ್ತೆ ಉಳುವುದು. ಮದುವೆಯಾಗಿ ಈ ಕಾಫಿ ತೋಟಕ್ಕೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ನೆರಳಿಗೆ ನೆಟ್ಟ ಒಂದು ಸಿಲ್ವರ್ ಮರದ ಕೊಂಬೆ ಕಡಿಯಬೇಕಾದರೂ ಮೂರು ಹೊತ್ತು ಮಾತಾಡುತ್ತಾರೆ ಎಂದು. ಮಾತಾಡುವುದು ಎಲ್ಲರೂ, ತೀರ್ಮಾನ ಮಾತ್ರ ಮಾವನವರದು.

ಮಾವನವರಿಗೆ ಎಂಬತ್ತು ದಾಟಿದೆ. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು, ಕಿವಿ ಮಾತ್ರ ತಮಗೆ ಬೇಕಾದಾಗ ಕೇಳಿಸುತ್ತದೆ. ಹೋದ ಸಂಕ್ರಾಂತಿಯ ದಿನ ಊಟ ಮುಗಿಸಿ ಕೈ ತೊಳೆದು ಬಂದವರು, ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದ ಪಂಪ್‌ಹೌಸಿನ ಬೀಗದ ಕೈಯನ್ನು ಬಿಚ್ಚಿ ಮಗನ ಎಲೆಯ ಪಕ್ಕ ಇಟ್ಟರು. “ಈ ವರ್ಸದಿಂದ ನೀನೇ ನೋಡ್ಕೊ ಮಗ. ನಾನು ತುಟಿ ಪಿಟಕ್ ಅನ್ನಲ್ಲ” ಅಂದರು. ಯಜಮಾನರು ಬಾಯಲ್ಲಿದ್ದ ಪಾಯಸವನ್ನು ನುಂಗಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಪಂಪ್‌ಹೌಸಿನ ಬೀಗದ ಕೈ ಕೊಡುವುದೆಂದರೆ ನಮ್ಮಲ್ಲಿ ತೋಟವನ್ನೇ ಕೊಟ್ಟ ಹಾಗೆ. ಹಣ್ಣು ಕೊಯ್ದು ಮುಗಿದು ಬಿಸಿಲು ಏರತೊಡಗಿದಾಗ ರೊಬಸ್ಟಾ ಕಾಫಿ ಗಿಡಕ್ಕೆ ಒಂದು ಒಳ್ಳೆಯ ಮಳೆ ಬೇಕು. ಆ ಮಳೆ ಬಿದ್ದರೆ ಮೊಗ್ಗು ಅರಳಿ ಕಾಯಿ ಕಚ್ಚುತ್ತದೆ. ಬೀಳದಿದ್ದರೆ ಕೆರೆಯ ನೀರನ್ನು ಪಂಪಿನಿಂದ ಎತ್ತಿ ಸ್ಪ್ರಿಂಕ್ಲರಿನಲ್ಲಿ ಮಳೆಯ ಹಾಗೆ ಹಾರಿಸಬೇಕು. ನಮ್ಮ ಕೆರೆಯಲ್ಲಿರುವುದು ತೋಟಕ್ಕೆಲ್ಲ ಒಂದೇ ಸಲಕ್ಕಾಗುವ ನೀರು. ಅವಸರಪಟ್ಟು ಹಾರಿಸಿ ಹಿಂದೆಯೇ ಮಳೆ ಬಂದರೆ ಕೆರೆ ಬರಿದು ಮಾಡಿಕೊಂಡ ದಡ್ಡರಾಗುತ್ತೇವೆ. ಕಾಯುತ್ತಾ ಕುಳಿತು ಮಳೆ ಕೈಕೊಟ್ಟರೆ ಮೊಗ್ಗು ಕರಟಿ ವರ್ಷದ ಬೆಳೆಯೇ ಹೋಗುತ್ತದೆ. ಯಾವತ್ತು ಪಂಪ್ ಶುರು ಮಾಡುವುದು ಅನ್ನುವ ಒಂದು ಮಾತಿನ ಮೇಲೆ ಇಡೀ ವರ್ಷ ನಿಂತಿರುತ್ತದೆ. ಇಷ್ಟು ಕಾಲ ಆ ಮಾತು ಹೇಳಿದವರು ಮಾವ. ಈ ಸಲ ಹೇಳಬೇಕಾದವರು, ಅರುವತ್ತರ ಹತ್ತಿರ ಬಂದರೂ ಬಟ್ಟೆ ಅಂಗಡಿಯಲ್ಲಿ ತಮಗೆ ಯಾವ ಬಣ್ಣದ ಅಂಗಿ ಬೇಕೆಂದು ನನ್ನ ಮುಖ ನೋಡುವ ನಮ್ಮ ಯಜಮಾನರು.

ಮೊದಮೊದಲು ಆ ತಾತ ಬರೀ ತಮಾಷೆಗೆ ಇದ್ದ. ರಾತ್ರಿಗೆ ಅಕ್ಕಿ ರೊಟ್ಟಿಯೋ ಚಪಾತಿಯೋ ಎಂದು ಕೇಳುವರು. ತಾತ “ನಕ್ಷತ್ರಗಳು ನಿಮ್ಮ ಕಡೆಗೆ ವಾಲುತ್ತಿವೆ” ಅನ್ನುವನು. ಸೋಮವಾರಪೇಟೆ ಸಂತೆಗೆ ಇವತ್ತು ಹೋಗಲೋ ಬೇಡವೋ ಎಂದು ಕೇಳಿದರೆ “ಹೃದಯ ಬಲ್ಲದು” ಅನ್ನುವನು. ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ದಬ್ಬಿದ ಮಾತುಗಳು, ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. “ಹೃದಯಕ್ಕೆ ಸಂತೆ ಗೊತ್ತಿದ್ದರೆ ನಿಮ್ಮನ್ನು ಯಾಕೆ ಕಳಿಸಲಿ? ತೊಂಡೆಕಾಯಿ ಬೇಕು, ಹೊರಡಿ” ಎಂದು ನಾನೇ ಚೀಲ ಕೊಟ್ಟು ಅಟ್ಟಿದೆ.

ಒಬ್ಬ ತಾತನ ಹಿಂದೆ ಅವನ ನೆಂಟರೂ ಬಂದರು. ಅಂಗೈ ನೋಡಿ ಹೇಳುವುದೊಂದು, ಮುಖ ನೋಡಿ ಹೋದ ಜನ್ಮ ಹೇಳುವುದೊಂದು. ನೆಲಕ್ಕೆ ಉದುರಿದ ಹಣ್ಣು ಹೆಕ್ಕುತ್ತಿದ್ದ ಹೆಂಗಸರು ಹತ್ತು ಗಂಟೆಯ ಕಾಫಿಗೆ ಕುಳಿತಾಗ ಇವರು ಫೋನು ಹಿಡಿದು ಹೋದರು. ತೋಟದ ಆಳುಗಳ ಲೈನ್ ಮನೆಯಲ್ಲೇ ಇರುವ, ತಮಿಳು ಮನೆಮಾತಿನ ಒಬ್ಬಾಕೆ ಎಲ್ಲರಿಗಿಂತ ಮುಂದೆ ಕೈ ಚಾಚಿದಳು. ಕೊಯ್ಲಿನ ಕರೆ ಹತ್ತಿ ಕಪ್ಪಾದ ಕೈ. ಫೋನು “ದಯವಿಟ್ಟು ಅಂಗೈ ತೋರಿಸಿ” ಎಂದಿತು. ಮತ್ತೆ ಹಿಡಿದಳು, ಮತ್ತೆ ಅದನ್ನೇ ಹೇಳಿತು. “ಇದ್ ಅಂಗೈ ಇಲ್ದೆ ಮತ್ತೆ ಏನು, ದೋಸೆಯಾ?” ಎಂದು ಆಕೆ ಕೈ ತೊಳೆದುಕೊಂಡು ಬಂದಳು. ಈಗ ಫೋನಿಗೆ ಅಂಗೈ ಕಂಡಿತು, ಜೊತೆಗೆ ವಿದೇಶ ಪ್ರಯಾಣವೂ ಕಂಡಿತು. “ನಾನ್ ಕುಟ್ಟ ದಾಟಿ ಆಚೆ ಹೋಗಿಲ್ಲಮ್ಮಾ. ಕೇರಳ ಕಂಡ್ರೆ ಸಾಕು, ಅದೇ ನಂಗೆ ಫಾರಿನ್” ಎಂದು ಆಕೆ ನನ್ನ ಕಡೆ ತಿರುಗಿ ನಕ್ಕಳು. ಆಮೇಲೆ ನೋಡಿದರೆ ಅಲ್ಲಿದ್ದ ಎಲ್ಲರಿಗೂ ವಿದೇಶ ಪ್ರಯಾಣವೇ. ಹೀಗೆ ಎಲ್ಲರೂ ವಿಮಾನ ಹತ್ತಿದರೆ ಹಣ್ಣು ಹೆಕ್ಕುವವರು ಯಾರು ಎಂದು ನಾನು ಗದರಿಸಿದ ಮೇಲೆ ಕೆಲಸ ಮುಂದುವರಿಯಿತು.

ಜಗಲಿಯ ಮೇಲೆ ಕುಳಿತಿದ್ದ ಮಾವನ ಮುಖಕ್ಕೂ ಹಿಡಿದರು. ಹೋದ ಜನ್ಮದಲ್ಲಿ ರಾಜನರ್ತಕಿ ಎಂದು ಬಂತು. ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಕಾಲು ಚಾಚಿ ನೀವಿಕೊಳ್ಳುತ್ತಾ “ಅದಕ್ಕೇ ಈ ಜನ್ಮದಲ್ಲಿ ಮೊಣಕಾಲು ಹಿಂಗೆ ನೋಯ್ತದೆ” ಅಂದರು. ಅವತ್ತು ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

ಬಿಸಿಲು ಏರಿದ ಮೇಲೆ ನಗು ಇಳಿಯಿತು. ಗಿಡದಲ್ಲಿ ಮೊಗ್ಗು ಕಡ್ಡಿಯ ಹಾಗೆ ನಿಗುರಿ ನಿಂತಿತು. ಆಕಾಶದಲ್ಲಿ ಮಧ್ಯಾಹ್ನ ಮೋಡ ಕೂಡುವುದು, ಸಂಜೆಗೆ ಚದುರುವುದು. ಯಜಮಾನರು ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ಮೊಗ್ಗು ಮುಟ್ಟಿ ನೋಡುವರು, ಕೆರೆಗೆ ಹೋಗಿ ನೀರು ನೋಡುವರು, ಮನೆಗೆ ಬಂದು ತಿಂಡಿಯ ತಟ್ಟೆಯನ್ನು ನೋಡುತ್ತಾ ಕುಳಿತುಬಿಡುವರು. ಅಳೆದೂ ಸುರಿದೂ ಮನುಷ್ಯ ಅರ್ಧ ಇಳಿದುಹೋದರು. ಮಾವ ಜಗಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುವರು. ಕೊಟ್ಟ ಮಾತಿನಂತೆ ಒಂದು ಶಬ್ದ ಆಡಲಿಲ್ಲ. ಆದರೆ ಅವರ ಕೆಮ್ಮು ಇದೆಯಲ್ಲ, ಮಾತಿಗಿಂತ ಅದೇ ಜಾಸ್ತಿ ಹೇಳುತ್ತಿತ್ತು.

ಒಂದು ಸೋಮವಾರ ಇವರು ಮಡಿಯುಟ್ಟು ಬಸವಣ್ಣನ ಗುಡಿಗೆ ಹೂ ಕೇಳಲು ಹೊರಟರು. ದೊಡ್ಡ ಕೆಲಸಕ್ಕೆ ಮುಂಚೆ ಹೀಗೆ ಅಪ್ಪಣೆ ಕೇಳುವುದು ನಮ್ಮ ಕಡೆಯ ಪದ್ಧತಿ. ಕಲ್ಲು ಬಸವಣ್ಣನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ತೇವ ಆರಿದ ಹಾಗೆ ಹೂ ಜಾರುತ್ತದೆ. ಬಲಗಡೆಯದು ಮೊದಲು ಬಿದ್ದರೆ ಕೆಲಸ ಶುರು, ಎಡಗಡೆಯದಾದರೆ ತಡೆಯಬೇಕು. ಮಾವ ಪ್ರತಿವರ್ಷ ಕೇಳುತ್ತಿದ್ದರು, ಕೈ ಮುಗಿದು ಒಂದು ವಿಭೂತಿ ಹಚ್ಚಿಕೊಳ್ಳುವುದರೊಳಗೆ ಉತ್ತರ ಬರುತ್ತಿತ್ತು. ಈ ಸಲ ನಾವು ಕುಳಿತೇ ಕುಳಿತೆವು. ಪೂಜೆಯಾಯಿತು, ಪ್ರಸಾದವಾಯಿತು, ನನಗೆ ಮನೆಯಲ್ಲಿ ನೆನೆಹಾಕಿದ್ದ ಉದ್ದಿನ ಚಿಂತೆ ಹತ್ತಿತು. ಎರಡು ಹೂವೂ ಭುಜ ಬಿಟ್ಟು ಕದಲಲಿಲ್ಲ. ಹತ್ತಿರ ಹೋಗಿ ನೋಡಿದರೆ ಇವರು ನೀರಿನ ಬದಲು ಗಂಧ ತೇಯ್ದು ಹಚ್ಚಿದ್ದಾರೆ, ಅದೂ ಗೋಡೆಗೆ ಸಿಮೆಂಟ್ ಮೆತ್ತಿದ ಹಾಗೆ. ಎಡಗಡೆಯದು ಮೊದಲು ಬಿದ್ದುಬಿಟ್ಟರೆ ಎಂಬ ಹೆದರಿಕೆಗೆ ಅದಕ್ಕೆ ಗಂಧ ಹಚ್ಚಿದರಂತೆ. ಆಮೇಲೆ ದೇವರಿಗೆ ಮೋಸ ಮಾಡಿದ ಹಾಗಾಯಿತಲ್ಲ ಎಂದು ಬಲಗಡೆಯದಕ್ಕೂ ಹಚ್ಚಿದರಂತೆ.

ಮನೆಗೆ ಬಂದು ಹೇಳಿದಾಗ ಮಾವ ವ್ರತ ಮರೆತು ಬಾಯಿಬಿಟ್ಟರು. “ಅಷ್ಟು ಗಂಧ ಮೆತ್ತಿದ್ರೆ ಹೂ ಬೀಳಲ್ಲ ಕಣ್ಲಾ. ಬಸವಣ್ಣನೇ ಬೀಳ್ಬೇಕು” ಅಂದರು. ಯಜಮಾನರು ಹಿತ್ತಲಿಗೆ ಹೋಗಿ ಫೋನು ಅಲ್ಲಾಡಿಸತೊಡಗಿದರು. ಕೂದಲೆಣ್ಣೆಯ ಜಾಹೀರಾತು ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಹಿತ್ತಲಿಗೆ ಹೋದೆ. “ರೀ, ಮಳೆ ವಾಸನೆ ಹಿಡಿದು ಹೇಳುವ ಮುದುಕರು ಮನೆಯ ಜಗಲಿ ಮೇಲೆ ಕೂತಿದ್ದಾರೆ. ಅವರನ್ನ ಬಿಟ್ಟು ಈ ಕಾಫಿ ಗಿಡ ಕಂಡೇ ಇರದ ಗಡ್ಡಪ್ಪನ್ನ ಕೇಳ್ತೀರಲ್ಲ, ನಿಮಗೆ ಬುದ್ಧಿ ಎಲ್ಲಿ ಹೋಗಿದೆ?” ಎಂದೆ.

ಅವರು ಜಾಹೀರಾತಿನ ಸದ್ದು ಅಡಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. “ಅಪ್ಪನ್ನ ಕೇಳಿದ್ರೆ ಅಪ್ಪ ಮಾಡ್ದಂಗಾಯ್ತದೆ ಕಣೇ. ಸರಿ ಆದ್ರೂ ಅವರದೇ, ತಪ್ಪಾದ್ರೂ ಅವರದೇ. ಈ ಗಡ್ಡಪ್ಪನಿಗೆ ಏನೂ ಗೊತ್ತಿಲ್ಲ ಅಂತ ನಂಗೂ ಗೊತ್ತು. ಅದಕ್ಕೇ ಇವನ್ನ ಕೇಳೋದು. ಇವನ್ನ ಕೇಳಿ ಮಾಡಿದ್ರೆ ನಾನೇ ಮಾಡ್ದಂಗೆ.”

ನಾನು ಸೌಟು ಕೆಳಗಿಳಿಸಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ಇಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಆಡಿದ್ದು ನಾನು ಕೇಳಿರಲಿಲ್ಲ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದನ್ನು ತೋರಿಸಿಕೊಂಡರೆ ಇನ್ನೂ ಮೆತ್ತಗಾಗುತ್ತಾರೆಂದು “ಸರಿ, ಬೇಗ ಕೇಳಿ ಮುಗಿಸಿ, ವಡೆ ಆರಿಹೋಗ್ತದೆ” ಎಂದು ಒಳಗೆ ಬಂದೆ.

ಒಳಗೆ ಬಂದರೆ ಮಾವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಕಾಫಿ ಬೇಕೆಂಬ ನೆವ.

“ಅದೇನಮ್ಮ, ಆ ಫೋನಿನ ಮುದುಕನಿಗೆ ನನಗಿಂತ ವಯಸ್ಸಾಗೈತಾ?” ಎಂದು ಕೇಳಿದರು.

“ಬೊಂಬೆ ಮಾವ ಅದು. ಅದಕ್ಕೆಲ್ಲಿಯ ವಯಸ್ಸು?”

“ಬೊಂಬೆಗಿರೋ ಮರ್ಯಾದೆ ನಂಗಿಲ್ಲ” ಎಂದು ಲೋಟ ತೆಗೆದುಕೊಂಡು ಗೋಡೆಗೊರಗಿದರು. ಒಂದು ಗುಟುಕು ಕುಡಿದು ದನಿ ತಗ್ಗಿಸಿದರು. “ಇರುವೆ ಮೊಟ್ಟೆ ಕಚ್ಕೊಂಡು ಮೇಲಕ್ಕೆ ಹೋಯ್ತಾ ಐತೆ ಕಣಮ್ಮ. ಗಾಳಿ ತಿರುಗೈತೆ. ವಾರದೊಳಗೆ ಮಳೆ ಬತ್ತದೆ. ತಡೀಬೇಕು ಇವ್ನು. ನೀನು ಹೇಳ್ಬೇಡ ಮತ್ತೆ. ನಾನು ತುಟಿ ಬಿಚ್ಚಲ್ಲ ಅಂತ ಮಾತು ಕೊಟ್ಟೀನಿ.”

ನೋಡಿ ನನ್ನ ಕಷ್ಟ. ಬಾಯಿಗೆ ಬೀಗ ಹಾಕಿ ಅಭ್ಯಾಸವೇ ಇಲ್ಲದ ನನಗೆ, ಅಪ್ಪನ ಗುಟ್ಟು ಒಂದು ಕಡೆ, ಮಗನ ಗುಟ್ಟು ಇನ್ನೊಂದು ಕಡೆ. ಉಳಿದ ವಡೆ ಕರಿಯುವುದರೊಳಗೆ ಹೇಳಿಬಿಡಲೇ ಎಂದು ನಾಲ್ಕು ಸಲ ಹಿತ್ತಲ ಬಾಗಿಲಿಗೆ ಹೋಗಿ ಬಂದೆ. ಹೇಳಿದರೆ ಇವರು ಪಂಪ್ ಮುಟ್ಟುವುದಿಲ್ಲ, ಕೆರೆಯ ನೀರು ಉಳಿಯುತ್ತದೆ. ಆದರೆ ಬೀಗದ ಕೈ ಅವತ್ತೇ ಮತ್ತೆ ಮಾವನ ಉಡಿದಾರಕ್ಕೆ ಹೋಗುತ್ತದೆ, ಈ ಮನುಷ್ಯ ಇನ್ನು ಜನ್ಮದಲ್ಲಿ ಅದನ್ನು ಕೇಳುವುದಿಲ್ಲ. ಅದೂ ಅಲ್ಲದೆ ಇರುವೆಯ ಮಾತು ಸುಳ್ಳಾದ ವರ್ಷಗಳೂ ಉಂಟು. ಕೆರೆ ಹಾಳಾಗಿ ಹೋಗಲಿ ಎಂದು ನಾನು ಸುಮ್ಮನಾದೆ. ನಾನು ಸುಮ್ಮನಿರುವುದು ಕಂಡು ಯಜಮಾನರು “ಜ್ವರ ಬಂದೈತಾ?” ಎಂದು ಹಣೆ ಮುಟ್ಟಿ ನೋಡಿದರು.

ಮಾರನೆಯ ಬೆಳಿಗ್ಗೆ ಪಂಪ್‌ಹೌಸಿಗೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋದೆ. ಪೈಪುಗಳನ್ನು ಜೋಡಿಸಿ ಆಗಿತ್ತು, ಆಳುಗಳು ಬೀಡಿ ಹಚ್ಚಿ ಕಾಯುತ್ತಿದ್ದರು. ಯಜಮಾನರು ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು. ಫೋನು ಅಲ್ಲಾಡಿಸಿದರು. ತಾತ ಗಡ್ಡ ನೀವಿಕೊಂಡ. ಮೊಣಕಾಲು ಮುಲಾಮಿನ ಜಾಹೀರಾತು ಬಂತು, ಆಳುಗಳೂ ಕತ್ತು ಚಾಚಿ ನೋಡಿದರು. ಕೊನೆಗೆ ಅಕ್ಷರ ಮೂಡಿತು. “ತಾರೆಗಳು ತಾಳ್ಮೆ ಬಯಸುತ್ತಿವೆ. ಇಂದು ಬೇಡ.”

ಎಂದೂ ಸ್ಪಷ್ಟವಾಗಿ ಮಾತಾಡದ ಮುದುಕ ಅವತ್ತೇ ಸ್ಪಷ್ಟವಾಗಿ ಮಾತಾಡಿದ್ದ. ಯಜಮಾನರು ಅದನ್ನೇ ನೋಡುತ್ತಾ ನಿಂತರು. ಮುಗಿಯಿತು, ಇವರು ಇನ್ನು ಮನೆಗೆ ಹಿಂತಿರುಗುತ್ತಾರೆ, ನೀರೂ ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಮುಖ ಕೆಂಪಾಯಿತು.

“ತಾರೆಗೇನು, ಆಕಾಶದಲ್ಲಿ ಕೂತಿರ್ತದೆ” ಅಂದರು. “ಮೊಗ್ಗಿರೋದು ನನ್ನ ಗಿಡದಲ್ಲಿ. ನೆನ್ನೆ ಮುಟ್ಟಿ ನೋಡಿದೀನಿ ನಾನು. ಇನ್ನು ತಡೆಯಲ್ಲ ಅದು.”

ಫೋನನ್ನು ನನ್ನ ಕೈಗೆ ತುರುಕಿ ಬೀಗ ತೆಗೆದರು. ಡೀಸೆಲ್ ಮೋಟರು ಒಂದೆರಡು ಸಲ ಗೊರಗುಟ್ಟಿ ಹತ್ತಿಕೊಂಡಿತು. ಕಾಫಿ ಗಿಡಗಳ ತಲೆಯ ಮೇಲೆ ನೀರು ಚಿಮ್ಮಿ ತಿರುಗತೊಡಗಿತು. ಅದು ತಪ್ಪೆಂದು ನನಗೆ ಒಳಗೊಳಗೇ ಗೊತ್ತು. ಆದರೂ ಆ ಮನುಷ್ಯ ಅಂಗಿ ಒದ್ದೆಯಾಗುತ್ತಿದ್ದರೂ ಸರಿಯದೆ, ಎದೆಸೆಟೆದು ನಿಂತದ್ದನ್ನು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಮದುವೆಯ ದಿನ ಕೂಡ ಅವರು ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ದಿನಗಟ್ಟಲೆ ಪೈಪು ಬದಲಿಸುತ್ತಾ, ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ನೀರು ಹಾರಿಸುತ್ತಾ ಹೋದರು. ಕೆರೆಯ ತಳದ ಕೆಸರು ಕಾಣಿಸಿತು. ಕೊನೆಯ ಪಟ್ಟಿಗೆ ಪೈಪು ಎಳೆದ ಸಂಜೆ ಪಡುವಣದಿಂದ ಮೋಡ ಕವಿಯಿತು, ಗುಡುಗಿತು, ನಾನು ಒಣಹಾಕಿದ್ದ ಹಪ್ಪಳ ಒಳಗೆ ತರುವಷ್ಟರಲ್ಲಿ ಮಳೆ ಹೊಯ್ಯತೊಡಗಿತು. ಕಾಟಾಚಾರದ ಮಳೆಯಲ್ಲ, ಹೆಂಚು ಹಾರಿಹೋಗುವಂಥ ಮಳೆ. ಆ ಮಳೆಯ ಒಳಗೇ ನಮ್ಮ ಸ್ಪ್ರಿಂಕ್ಲರುಗಳು ನಾಚಿಕೆಯಿಲ್ಲದೆ ತಿರುಗುತ್ತಿದ್ದವು. ಯಾರಿಗೂ ಅದನ್ನು ನಿಲ್ಲಿಸುವ ನೆನಪೇ ಆಗಲಿಲ್ಲ.

ಬೆಳಿಗ್ಗೆ ಮಾವ ಅಂಗಳದ ಕಂಬದ ಮೇಲಿರುವ ಮಳೆ ಅಳೆಯುವ ಡಬ್ಬಿಯಿಂದ ನೀರನ್ನು ಗಾಜಿನ ಅಳತೆಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದರು. ನಮ್ಮಲ್ಲಿ ಇಂಚನ್ನು ನೂರು ಸೆಂಟ್ ಮಾಡಿ ಮಳೆ ಲೆಕ್ಕ ಹಾಕುತ್ತಾರೆ. “ತೊಂಬತ್ತು ಸೆಂಟ್” ಅಂದರು. ಊರಿಗೆಲ್ಲ ಪುಕ್ಕಟೆ ಬಿದ್ದ ಮಳೆ. ಕಾದವರೆಲ್ಲ ಗೆದ್ದರು, ನಾವೊಬ್ಬರು ಕೆರೆ ಖಾಲಿ ಮಾಡಿಕೊಂಡು ಕುಳಿತೆವು. ಯಜಮಾನರು ಜಗಲಿಯ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕುಳಿತಿದ್ದರು. ಬೀಗದ ಕೈ ಪಕ್ಕದಲ್ಲಿ ಇಟ್ಟುಕೊಂಡಿದ್ದರು, ತಿರುಗಿ ಕೊಡುವುದಕ್ಕೆ.

ಮಾವನಿಗೆ ಒಂದು ಮಾತುಂಟು, “ನಾನು ಅವತ್ತೇ ಹೇಳ್ಲಿಲ್ವಾ” ಅನ್ನುವುದು. ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ ಆ ಮಾತು ಬಾರದೆ ಇರುವುದಿಲ್ಲ. ಈಗ ಅದು ಬರುತ್ತದೆ ಎಂದು ನಾನು ಕಾದೆ. ಬಂದರೆ ನಾನೂ ಒಂದು ಕೈ ನೋಡಿಯೇಬಿಡುವುದೆಂದು ಸೆರಗು ಸಿಕ್ಕಿಸಿ ನಿಂತಿದ್ದೆ.

ಮಾವ ಅಳತೆಯ ನೀರನ್ನು ತುಳಸಿಗೆ ಚೆಲ್ಲಿ ಬಂದು, ಮಗನ ಪಕ್ಕದಲ್ಲಿ ನಿಧಾನಕ್ಕೆ ಕುಳಿತರು.

“ನಾನಾಗಿದ್ರೂ ಅವತ್ತೇ ನೀರು ಬಿಡ್ತಿದ್ದೆ ಕಣೋ” ಅಂದರು. “ಆ ಮೊಗ್ಗು ನೋಡಿದೋರು ಯಾರೂ ತಡೀತಿರ್ಲಿಲ್ಲ.”

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಾವ ನನ್ನ ಕಡೆ ಒಂದೇ ಒಂದು ಸಲ ನೋಡಿದರು. ನಾನು ಬಾಯಿ ಮುಚ್ಚಿದೆ. ಕಣ್ಣು ತುಂಬಿ ಬಂತು, ಹೊಗೆ ಎಂದು ಹೇಳಲು ಅಲ್ಲಿ ಒಲೆಯೂ ಇರಲಿಲ್ಲ.

ಯಜಮಾನರು ತಲೆ ಎತ್ತಿದರು. “ಈ ತಾತ ಬೇಡ ಅಂದಿದ್ದ ಅಪ್ಪ” ಎಂದು ಫೋನು ತೋರಿಸಿದರು. ಮಾವ ಮೊದಲ ಸಲ ಅವನನ್ನು ಹತ್ತಿರದಿಂದ ನೋಡಿದರು.

“ಇವನಿಗೆ ತೋಟ ಐತಾ?”

“ಇಲ್ಲ.”

“ಮತ್ತೆ ಬಿಡು” ಎಂದು ಫೋನು ಹಿಂದಕ್ಕೆ ಕೊಟ್ಟರು.

ಅವತ್ತೇ ಯಜಮಾನರು ಆ ತಾತನನ್ನು ಅಳಿಸಿಹಾಕಿದರು. ಅವನ ಮಾತು ನಿಜವಾದ ಮೇಲೂ ಯಾಕೆ ತೆಗೆದಿರಿ ಎಂದು ಕೇಳಿದೆ. “ಏನೂ ಗೊತ್ತಿಲ್ಲದೋನು ಅಂತ ಇಟ್ಕೊಂಡಿದ್ದೆ. ಇವನೂ ಸರಿಯಾಗಿ ಹೇಳೋಕೆ ಶುರು ಮಾಡ್ದ. ಸರಿ ಹೇಳೋರು ಮನೇಲಿ ಇದಾರೆ, ಸಾಕು” ಅಂದರು. ಇಂಥ ಆ್ಯಪ್ ಹಾಕಿಸಿಕೊಳ್ಳಬಹುದೇ ಎಂದು ಈಗ ನನ್ನ ತಂಗಿ ಕೇಳುತ್ತಾಳೆ. ಹಾಕಿಸಿಕೊ ಅನ್ನುತ್ತೇನೆ. ಭವಿಷ್ಯಕ್ಕಲ್ಲ, ಅದರ ಭವಿಷ್ಯ ಮೂರು ಕಾಸಿಗೂ ಬಾಳುವುದಿಲ್ಲ. ಏನೂ ಗೊತ್ತಿಲ್ಲದವನೊಬ್ಬ “ಬೇಡ” ಅಂದಾಗ ನಿನಗೆ ಸಿಟ್ಟು ಬರುತ್ತದೆಯೋ ಇಲ್ಲವೋ ನೋಡಿಕೊ. ಸಿಟ್ಟು ಬಂದರೆ ನಿನಗೆ ಬೇಕಾದದ್ದು ಏನೆಂದು ತಿಳಿಯಿತು, ಆಮೇಲೆ ಅಳಿಸಿಹಾಕು. ಕೂದಲೆಣ್ಣೆಯನ್ನು ಮಾತ್ರ ಕೊಳ್ಳಬೇಡ, ಇವರು ತರಿಸಿ ಹಚ್ಚಿ ಹಾಸಿಗೆಯೆಲ್ಲ ಜಿಡ್ಡಾಯಿತು.

ಹೂವೇನೋ ನಮ್ಮ ತೋಟದಲ್ಲೂ ಬಂತು, ಊರಿನವರ ತೋಟದಲ್ಲೂ ಬಂತು. ಅದು ಉದುರಿ ಗಿಡ ಮತ್ತೆ ಹಸುರಾದ ಒಂದು ಬೆಳಿಗ್ಗೆ ಮಾವನ ಫೋನು ಬಡಿದುಕೊಂಡಿತು. ರಸ್ತೆಯಾಚೆಯ ತೋಟದವರು. ಅಕ್ಕಪಕ್ಕದವರು ತೋಟದ ಯಾವ ಸಂಶಯವಿದ್ದರೂ ಮಾವನಿಗೇ ಫೋನು ಮಾಡುವುದು, ಮಾವ ಅದಕ್ಕೆಂದೇ ಕಾದು ಕುಳಿತಿರುವುದು. ಅವರ ಕಿವಿಗೆ ಕೇಳಲೆಂದು ಫೋನಿನ ದನಿ ಏರಿಸಿಟ್ಟಿರುವುದರಿಂದ ನಮಗೆಲ್ಲ ಕೇಳಿಸಿತು. ಈಗ ಗೊಬ್ಬರ ಹಾಕಿಬಿಡುವುದೋ, ಇನ್ನೊಂದು ಮಳೆ ಆಗಲಿ ಎಂದು ಕಾಯುವುದೋ, ಏನು ಹೇಳ್ತೀರಿ ಅಜ್ಜಾ ಎಂದು ಆ ಕಡೆಯಿಂದ ಕೇಳಿದರು.

ಮಾವ ಬಾಯಿ ತೆರೆದರು. ಉತ್ತರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಹಾಗೇ ನುಂಗಿಕೊಂಡರು.

“ನನ್ನನ್ನ ಯಾಕೆ ಕೇಳ್ತೀರಿ? ತೋಟ ನೋಡ್ಕೊಳ್ಳೋನು ಇಲ್ಲೇ ಅವ್ನೆ” ಎಂದು ಫೋನನ್ನು ಮಗನ ಕಡೆಗೆ ಚಾಚಿದರು.

ರೊಟ್ಟಿ ಮುರಿಯುತ್ತಿದ್ದ ಯಜಮಾನರು ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತೇ ಫೋನು ತೆಗೆದುಕೊಂಡರು. ಮೊದಲು “ಅದು... ಏನಂದ್ರೆ...” ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಅಂಗಳಕ್ಕೆ ಇಳಿದು, ಅತ್ತಿಂದಿತ್ತ ಓಡಾಡುತ್ತಾ ಮಾತಾಡತೊಡಗಿದರು. ಮಣ್ಣು ಒಂದು ಹಿಡಿ ಎತ್ತಿ ಹಿಸುಕಿ ನೋಡಿ ಅನ್ನುತ್ತಿದ್ದರು, ನೆರಳು ನೋಡಿ ಅನ್ನುತ್ತಿದ್ದರು.

ನಾನು ಮಾವನಿಗೆ ಇನ್ನೊಂದು ರೊಟ್ಟಿ ಬೇಕಾ ಎಂದು ಕೇಳಲು ಬಾಯಿ ತೆರೆದೆ. ಮಾವ ನನ್ನ ಮೊಣಕೈ ಹಿಡಿದು ತಡೆದು, ಕಿವಿಯನ್ನು ಅಂಗಳದ ಕಡೆಗೆ ತಿರುಗಿಸಿದರು.

“ಸುಮ್ಕಿರಮ್ಮ” ಅಂದರು. “ಏನ್ ಹೇಳ್ತಾನೆ ಕೇಳನ. ನಾಳೆ ನಾವೂ ಹಂಗೇ ಮಾಡನ.”